ಹಗುರವಾದ ಹಿಡಿ

ಪಂಪ್‌ವೆಲ್ ಸೇತುವೆಯ ಬದಿಯಲ್ಲಿ ಚೂರಿ, ಕತ್ತರಿ ಸಾಣೆ ಹಿಡಿಯುವ ಅಂಗಡಿಯವರೊಬ್ಬರಿದ್ದರು. ಯಾವ ಮಡಚುವ ಚೂರಿಯನ್ನು ಕೊಟ್ಟರೂ ಮೊದಲು ಅಂಗೈಯಲ್ಲಿಟ್ಟು ತೂಗಿ, ತುಟಿ ಓರೆ ಮಾಡಿ, "ಕಿಸೆಗೆ ಭಾರ ಎಂತಕ್ಕೆ ಸ್ವಾಮಿ?" ಎನ್ನುತ್ತಿದ್ದರು. ಅವರ ಪ್ರಕಾರ ಪ್ಲಾಸ್ಟಿಕ್ ಹಿಡಿ ಬೆವರಿಗೂ ಹೆದರುವುದಿಲ್ಲ, ಉಪ್ಪುಗಾಳಿಗೂ ಹೆದರುವುದಿಲ್ಲ. ಪ್ಲಾಸ್ಟಿಕ್ ಹಿಡಿದ ಕೈಗೆ ಚೂರಿ ಹಿಡಿದ ಭರವಸೆಯೇ ಬರುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಅದನ್ನು ಪ್ರತಿ ಸಲವೂ ಸ್ಪಷ್ಟವಾಗಿ ತಿಳಿಸಿದ್ದೆ.

ಹೀಗಿದ್ದೂ, ಮೊಳೆ ಬಿಗಿ ಮಾಡಲು ಕೊಟ್ಟ ನನ್ನ ಚೂರಿಯ ಹಿತ್ತಾಳೆ ಹಿಡಿಯನ್ನು ತೆಗೆದು, ಒಂದು ಮಾತೂ ಕೇಳದೆ ಕರಿಯ ನೈಲಾನ್ ಹಿಡಿ ಕೂರಿಸಿಬಿಟ್ಟರು.

"ಇದನ್ನು ಹಾಕ್ಲಿಕ್ಕೆ ನಿಮಗೆ ಯಾರು ಹೇಳಿದ್ದು?" ಎಂದೆ.

"ನಿಮ್ಮ ಕೈ ನಡುಗ್ತದಲ್ಲ ಸ್ವಾಮಿ! ಭಾರದ್ದು ಹಿಡಿದು ಬೆರಳು ಕೊಯ್ದುಕೊಂಡ್ರೆ ಎಂತ ಮಾಡ್ತೀರಿ ಮಾರಾಯ್ರೆ?" ಎಂದರು, ಗಿರಾಕಿಗಳೆಲ್ಲರ ಎದುರಿಗೆ. ಅವರಲ್ಲೊಬ್ಬ ನಕ್ಕ.

ಆ ನಗುವನ್ನು ನಾನಿನ್ನೂ ಮರೆತಿಲ್ಲ. ಕೈ ನಡುಗುವುದು ಮನೆಯಲ್ಲಿಯೂ ಯಾರ ಕಣ್ಣಿಗೂ ಬೀಳದಂತೆ ಕಾಪಾಡಿಕೊಂಡು ಬಂದವನು ನಾನು. ಹಿತ್ತಾಳೆಯ ಹಿಡಿಯನ್ನು ಕಾಗದದಲ್ಲಿ ಸುತ್ತಿಸಿಕೊಂಡು, ಇನ್ನು ಬರುವುದಿಲ್ಲವೆಂದು ಹೇಳಿ ಮನೆಗೆ ಹೋಗುವ ಬೋಳಾರದ ಬಸ್ಸು ಹತ್ತಿದೆ. ಮತ್ತೆ ಹೋಗಲೂ ಇಲ್ಲ.

ಊಟದ ನಂತರ ಹೆಂಡತಿಗೆ ಮಾವಿನಹಣ್ಣು ಹೆಚ್ಚಿ ಕೊಡುವುದು ನನ್ನ ಕೆಲಸ. ಅಂದು ಬೇರೆ ಚೂರಿ ಇಲ್ಲದೆ ಆ ನೈಲಾನ್ ಹಿಡಿಯ ಚೂರಿಯಿಂದಲೇ ಹೆಚ್ಚಿದೆ. ಅವಳು ತಟ್ಟೆಯನ್ನು ನೋಡಿ, "ಇವತ್ತು ಹೋಳು ಎಲ್ಲ ಸಮ ಉಂಟಲ್ಲ," ಎಂದಳು. "ಕೈ ನಡುಗಲಿಲ್ವಾ?"

ಅವಳಿಗೆ ಎಷ್ಟು ಕಾಲದಿಂದ ಗೊತ್ತಿತ್ತೆಂದು ಕೇಳುವ ಬದಲು ಇನ್ನೊಂದು ಹಣ್ಣನ್ನು ಕೈಗೆತ್ತಿಕೊಂಡೆ.