ವರ ವಿಚಾರಿಸಿದಂತೆ ವಿಚಾರಿಸಿದ ವಿಶ್ವವಿದ್ಯಾಲಯ

ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ ನಾನು ಮೇಲಿನವನ್ನು ಸರಿಸಿ ಕೆಳಗಿನವನ್ನು ನೋಡುತ್ತೇನೆ. ಮೇಲಿಟ್ಟದ್ದು ಯಾವಾಗಲೂ ಚೆಂದವಾಗಿಯೇ ಇರುತ್ತದೆ. ಸೀರೆಯಂಗಡಿಯವನು ಸೆರಗು ಹರವುವ ಮೊದಲೇ ನಾನು ಒಳಮೈ ತಿರುವಿ ನೋಡಿರುತ್ತೇನೆ. ನನ್ನ ಗಂಡ ಇದನ್ನು ಚಾಳಿ ಅನ್ನುತ್ತಾರೆ. ಅವರು ಇಳಕಲ್ಲಿನ ಕಲ್ಲಿನ ಕ್ವಾರಿಯಲ್ಲಿ ಮೇಸ್ತ್ರಿ. ಬಂಡೆಯನ್ನು ಸುತ್ತಿಗೆಯಿಂದ ತಟ್ಟಿ ದನಿ ಕೇಳದೆ ಉಳಿ ಇಡುವವರಲ್ಲ. ಅವರು ಮಾಡಿದರೆ ಕಸುಬು, ನಾನು ಮಾಡಿದರೆ ಚಾಳಿ.

ಇಂಥ ನನ್ನ ಮುಂದೆ ಹೋದ ವರ್ಷ ಮಗಳು ಮೂರು ವಿಶ್ವವಿದ್ಯಾಲಯಗಳನ್ನು ತಂದಿಟ್ಟಳು. ಹುನಗುಂದದಿಂದ ಬಾಗಲಕೋಟೆಗೆ ದಿನಾ ಬಸ್ಸಿನಲ್ಲಿ ಓಡಾಡಿ ಬಿಎಸ್ಸಿ ಮುಗಿಸಿದ್ದಳು. ಅವಳಿಗೆ ಕಲ್ಲಿನ ಹುಚ್ಚು. ಸಣ್ಣವಳಿದ್ದಾಗ ಬಾದಾಮಿಗೆ ಕರೆದುಕೊಂಡು ಹೋದರೆ ನಾವೆಲ್ಲ ಗುಹೆಯೊಳಗೆ ಮೂರ್ತಿ ನೋಡುತ್ತಿದ್ದೆವು, ಇವಳು ಹೊರಗೆ ನಿಂತು ಗುಡ್ಡದ ಪದರುಗಳನ್ನು ಬೆರಳಿನಿಂದ ಸವರುತ್ತಿದ್ದಳು. ಈಗ ಭೂವಿಜ್ಞಾನದ ಎಂಎಸ್ಸಿಗೆ ಮೂರು ಕಡೆ ಸೀಟು ಸಿಕ್ಕಿತ್ತು. ಮೂರೂ ಹೆಸರು ಮಾಡಿದವು. ಒಂದು ನಮ್ಮ ಜಿಲ್ಲೆಗೆ ಹತ್ತಿರ, ಇನ್ನೊಂದು ಮಹಾರಾಷ್ಟ್ರದ ಗಡಿ ದಾಟಿದ ಮೇಲೆ, ಮತ್ತೊಂದು ರೈಲಿನಲ್ಲಿ ಎರಡು ದಿನ ಕೂತರೆ ಸಿಗುವಂಥದ್ದು. ಮನೆಯಲ್ಲಿ ಅವಕ್ಕೆ ಹತ್ತಿರದ್ದು, ನಡುವಿನದು, ದೂರದ್ದು ಎಂದೇ ಹೆಸರಾಯಿತು.

ಮೊಬೈಲಿನಲ್ಲಿ ಮೂರರ ಫೋಟೋಗಳನ್ನೂ ನೋಡಿದೆ. ಮೂರರಲ್ಲೂ ಒಂದು ಮರ, ಮರದ ಕೆಳಗೆ ಪುಸ್ತಕ ಹಿಡಿದು ನಗುತ್ತಿರುವ ಒಬ್ಬ ಹುಡುಗಿ. ನಮ್ಮ ಮನೆಯಲ್ಲಿ ಓದುವಾಗ ಯಾರೂ ನಕ್ಕದ್ದು ನಾನು ಕಂಡಿಲ್ಲ. ಅವಳ ಕಾಲೇಜಿನ ಮೇಷ್ಟ್ರು ಹತ್ತಿರದ್ದೇ ಒಳ್ಳೆಯದು ಅಂದರು. ಅವರೂ ಅಲ್ಲೇ ಓದಿದವರು ಎಂದು ಆಮೇಲೆ ತಿಳಿಯಿತು.

"ನೀ ಏನಂತಿ ಯವ್ವಾ?" ಎಂದು ಮಗಳು ಕೇಳಿದಳು.

"ನೋಡೂಣು," ಅಂದೆ.

ಅವಳ ಮುಖ ಸಣ್ಣದಾಯಿತು. ಅದಕ್ಕೆ ಕಾರಣ ನನಗೆ ಗೊತ್ತಿತ್ತು. ನನ್ನ ನಾದಿನಿಗೂ ಈ ಮನೆಯಲ್ಲಿ ಒಂದು ಕಾಲಕ್ಕೆ ಹೀಗೇ 'ನೋಡೂಣು' ಅಂದಿದ್ದರಂತೆ. ಅವಳು ಶಿಕ್ಷಕಿಯಾಗಲು ತರಬೇತಿಗೆ ಹೋಗಬೇಕೆಂದು ಬಟ್ಟೆ ಮಡಚಿಡುತ್ತಿದ್ದಾಗ ಹಿರಿಯರು ಒಳಗಿಂದೊಳಗೆ ವರ ವಿಚಾರಿಸಿ ಬಂದರು. ಹದಿನೈದು ದಿನದಲ್ಲಿ ಬೇವೂರಿನ ಸೊಸೆಯಾದಳು. ಅದನ್ನು ಅವಳು ಮರೆತಿಲ್ಲ, ನನ್ನ ಮಗಳಿಗೂ ಹೇಳದೆ ಬಿಟ್ಟಿಲ್ಲ. ತನಗೂ ಹಾಗೇ ಆಗಬಹುದು, ಓದು ಇಲ್ಲಿಗೇ ನಿಲ್ಲಬಹುದು ಎಂಬ ಹೆದರಿಕೆ ಮಗಳಿಗೆ ಇತ್ತು. ನನಗೆ ಅವಳನ್ನು ಓದಿಸಲೇಬೇಕಿತ್ತು. ಆದರೆ ಪೂರ್ತಿ ನೋಡದೆ ಹೂಂ ಅನ್ನುವುದು ನನ್ನ ಜಾಯಮಾನದಲ್ಲೇ ಇಲ್ಲ. ಎಲ್ಲ ಗಟ್ಟಿಯಾದ ಮೇಲೆ ಹೇಳಿದರಾಯಿತು ಎಂದು ಸುಮ್ಮನಾದೆ.

ಕುಳಗೇರಿ ಕ್ರಾಸಿನಲ್ಲಿ ಟೈರಿನ ಅಂಗಡಿ ಇಟ್ಟಿರುವ ನಮ್ಮಣ್ಣನನ್ನು ಕರೆಸಿದೆ. ಬಳಗದ ಅರ್ಧ ಹೆಣ್ಣುಮಕ್ಕಳ ವರಗಳನ್ನು ವಿಚಾರಿಸಿದವನು ಅವನೇ. ನಮ್ಮಲ್ಲಿ ಅದಕ್ಕೊಂದು ಪದ್ಧತಿ ಇದೆ. ಹುಡುಗನ ಮನೆಗೆ ಹೋಗುವ ಮೊದಲು ಅವನ ಊರಿಗೆ ಹೋಗಿ ಬರಬೇಕು, ಹೋದದ್ದು ಆ ಮನೆಗೆ ತಿಳಿಯಬಾರದು. ಹಿಟ್ಟಿನ ಗಿರಣಿ, ಚಹಾದಂಗಡಿ, ಕ್ಷೌರದಂಗಡಿ ಇಲ್ಲೆಲ್ಲ ಕೂರಬೇಕು. ಎಮ್ಮೆ ಕೊಳ್ಳಲು ಬಂದೆವು ಅನ್ನಬೇಕು. ಎಮ್ಮೆಯ ಮಾತು ಮುಗಿಯುವಷ್ಟರಲ್ಲಿ ಹುಡುಗ ಕುಡಿಯುತ್ತಾನೋ, ಅವನ ಅವ್ವ ಜಗಳಗಂಟಿಯೋ ಎಲ್ಲ ತಾನಾಗಿ ಹೊರಗೆ ಬಂದಿರುತ್ತದೆ.

"ಹತ್ತಿರದ್ದು ಗೊತ್ತಿದ್ದದ್ದs ಐತಿ. ದೂರದ್ದು ನೋಡಾಕ ಆಗೂದಿಲ್ಲ, ನೋಡದ ಜಾಗಾಕ್ಕ ಹುಡುಗೀನ ಕಳಸೂದು ಬ್ಯಾಡ," ಅಂದ ಅಣ್ಣ. "ನಡುವಿಂದು ವಿಚಾರ ಮಾಡಿ ಬರೂಣು ನಡಿ. ಆಕಿಗೆ ಹೇಳಬ್ಯಾಡ. ಈಗಿನ ಹುಡುಗ್ಯಾರು ಮೊದಲs ಫೋನ್ ಮಾಡಿ ಎಲ್ಲಾ ಚೊಕ್ಕ ಮಾಡಿಸಿ ಇಡ್ತಾರು."

ವಿಶ್ವವಿದ್ಯಾಲಯಕ್ಕೆ ಫೋನು ಮಾಡಿ ಚೊಕ್ಕ ಮಾಡಿಸುವುದು ಹೇಗೆ ಎಂದು ನಾನು ಕೇಳಲಿಲ್ಲ. ನನಗೂ ಅದು ಸರಿಯೆಂದೇ ಕಂಡಿತು. ಬಳಗದಲ್ಲಿ ಗೃಹಪ್ರವೇಶವಿದೆ ಎಂದು ಮಗಳಿಗೆ ಹೇಳಿ ಇಬ್ಬರೂ ಹೊರಟೆವು.

ನಡುವಿನದರ ಗೇಟಿನೆದುರು ಚಹಾದಂಗಡಿಯಲ್ಲಿ ಕೂತೆವು. ಅಣ್ಣನಿಗೆ ಲಾರಿ ಓಡಿಸುತ್ತಿದ್ದ ಕಾಲದ ಮರಾಠಿ ಬರುತ್ತದೆ. ಕಾಲೇಜು ಹೇಗಿದೆ ಎಂದು ಚಹಾದವನನ್ನು ಕೇಳಿದ. ನಂಬರ್ ಒನ್ ಎಂದು ಉತ್ತರ ಬಂತು. ಆಟೋದವನೂ ಅದನ್ನೇ ಹೇಳಿದ, ಪುಸ್ತಕದಂಗಡಿಯವನೂ ಅದನ್ನೇ ಹೇಳಿದ.

"ಎಲ್ಲಾರೂ ಒಂದs ಬಾಯಿಲೆ ಹೊಗಳಾಕತ್ಯಾರ ಅಂದ್ರ ಒಳಗ ಏನೋ ಐತಿ," ಅಂದ ಅಣ್ಣ. ನನಗೂ ಅನುಮಾನ ಬಂತು. ಅವನು ಇನ್ನೊಂದು ಚಹಾ ಹೇಳಿ ಅಂದ: "ಕಾಲೇಜಿನ ಬಗ್ಗೆ ಕೇಳಿದ್ರ ಯಾರೂ ಖರೆ ಹೇಳೂದಿಲ್ಲ. ವರನ ಬಗ್ಗೆ ಕೇಳಿದ್ರ ಹೇಳ್ತಾರ. ಹೆಣ್ಣಿನ ಬಾಳೇವು ಅಂದ್ರ ಸುಳ್ಳು ಹೇಳಾಕ ಮಂದಿ ಅಂಜತಾರ."

ಮಧ್ಯಾಹ್ನ ಒಬ್ಬ ಹೆಂಗಸು ಚಹಾ ಕುಡಿಯಲು ಬಂದಳು. ನನ್ನ ಸೀರೆಯನ್ನೂ ನನ್ನನ್ನೂ ನೋಡಿ, "ನಮ್ಮ ಕಡೆಯವರು ಕಂಡಂಗಾತು, ಯಾವೂರ್ರಿ?" ಎಂದು ಕನ್ನಡದಲ್ಲೇ ಕೇಳಿದಳು. ಹಾಸ್ಟೆಲಿನಲ್ಲಿ ರೊಟ್ಟಿ ಬಡಿಯುವವಳು, ತವರು ಬೇವೂರು. ಬೇವೂರು ಅಂದ ಕೂಡಲೇ ನಾನು ಬಾಯಿ ಮುಚ್ಚಬೇಕಿತ್ತು. ದೂರದಲ್ಲಿ ನಮ್ಮ ಮಾತು ಕೇಳಿದ ಖುಷಿಗೆ ಊರು, ಗಂಡನ ಕೆಲಸ, ನಾದಿನಿಯ ಮನೆತನ ಎಲ್ಲ ಹೇಳಿಬಿಟ್ಟೆ.

ಅಣ್ಣ ನಡುವೆ ಬಂದ. "ನಮ್ಮ ಹುಡುಗಿಗೆ ಒಂದು ವರ ಬಂದೈತ್ರಿ. ಇಲ್ಲೇ ಕಲ್ಲಿನ ವಿಭಾಗದಾಗ ಸಂಶೋಧನಾ ಮಾಡ್ತಾನಂತ. ಅಲ್ಲಿ ಮಂದಿ ಹೆಂಗ ಅದಾರ?"

ಅಣ್ಣ ಹೇಳಿದ್ದು ಸುಳ್ಳಾಗಲಿಲ್ಲ, ಅವಳ ಬಾಯಿ ಬಿಚ್ಚಿಕೊಂಡಿತು. "ಅವ್ರ ಸುದ್ದಿ ಬ್ಯಾಡ್ರಿ. ಮೇಷ್ಟ್ರು ಹುಡುಗ್ರು ಕೂಡಿ ಗುಡ್ಡ ತಿರಗತಾರ. ಹುಡುಗ್ಯಾರ ಸಂಗಟ ಒಬ್ಬಾಕಿ ಮೇಡಂ ಇರ್ತಾಳ, ಅದೊಂದು ಚೊಲೊ. ಬರೂಮುಂದ ಕಲ್ಲು ಹೊತ್ಕೊಂಡು ಬಂದು ಊಟದ ಟೇಬಲ್ ಮ್ಯಾಲ ಇಡ್ತಾರ. ಇದು ಹಂಗ, ಅದು ಹಿಂಗ ಅಂತ ಜಗಳಾಡಿಕೋತ ಕುಂಡರತಾರ. ನನ್ನ ರೊಟ್ಟಿ ಆರಿ ಹಪ್ಪಳ ಆದ್ರೂ ಖಬರ ಇರೂದಿಲ್ಲ."

ಎಷ್ಟು ಹೊಗಳಿಕೆ ಕೇಳಿದರೂ ಬಾರದ ನಂಬಿಕೆ ಆ ಬೈಗುಳ ಕೇಳಿ ಬಂತು. ಊಟದ ಟೇಬಲ್ಲಿನ ಮೇಲೆ ಕಲ್ಲಿಟ್ಟು ಜಗಳಾಡುವವರ ನಡುವೆ ನನ್ನ ಮಗಳು ಕೂತಿರುವುದು ಕಣ್ಣಿಗೆ ಕಟ್ಟಿತು. ಇದೇ ಅವಳ ಜಾಗ ಎಂದು ಅಲ್ಲೇ ನಿರ್ಧಾರ ಮಾಡಿದೆ. ಬಸ್ಸಿನಲ್ಲಿ ಬರುವಾಗ ಅಣ್ಣನೂ ನಾನೂ ಭಾಳ ಖುಷಿಯಲ್ಲಿದ್ದೆವು. ಮಗಳಿಗೆ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಎರಡು ಮೂರು ಸಲ ಹೇಳಿಕೊಂಡೆ.

ಮರುದಿನ ಮನೆಗೆ ಬಂದಾಗ ಅವಳು ಬಾಗಿಲ ಕಟ್ಟೆಯ ಮೇಲೆ ಕೂತಿದ್ದಳು. ಎದ್ದು ಚೀಲ ಇಸಿದುಕೊಳ್ಳಲಿಲ್ಲ.

"ವರ ಹೆಂಗದಾನ?" ಎಂದು ಕೇಳಿದಳು.

ನಾವು ಬಸ್ಸು ಹತ್ತುವ ಮೊದಲೇ ರೊಟ್ಟಿಯವಳು ಬೇವೂರಿಗೆ ಫೋನು ಮಾಡಿದ್ದಳು. ಬೇವೂರಿನಿಂದ ನಾದಿನಿ ನನ್ನ ಮಗಳಿಗೆ ಫೋನು ಮಾಡಿದ್ದಳು. "ನಿಮ್ಮವ್ವ ವರಾ ನೋಡಾಕ ಹೋಗ್ಯಾಳ, ನನಗೂ ಹಿಂಗs ಆಗಿತ್ತು, ಏನ್ ಮಾಡ್ತಿ ಈಗs ಮಾಡು" ಅಂದಳಂತೆ. ಮಗಳು ಅದೇ ಸಂಜೆ ದೂರದ್ದಕ್ಕೆ ಒಪ್ಪಿಗೆ ಕಳಿಸಿದ್ದಳು. ಹತ್ತಿರದ್ದನ್ನೂ ನಡುವಿನದನ್ನೂ ಬೇಡವೆಂದು ಬಿಟ್ಟುಕೊಟ್ಟಿದ್ದಳು. ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಇರಲಿಲ್ಲ.

"ವರಾನೂ ಇಲ್ಲ, ಏನೂ ಇಲ್ಲವ್ವಾ. ಕಾಲೇಜು ವಿಚಾರ ಮಾಡಾಕ ಹೋಗಿದ್ವಿ. ಖರೆ ಹೇಳ್ಲಿ ಅಂತ ವರ ಅಂದ್ವಿ, ಅಷ್ಟs," ಎಂದು ಅಣ್ಣ ಕೊರಳಿನ ಲಿಂಗ ಮುಟ್ಟಿ ಆಣೆಯಿಟ್ಟು ಹೇಳಿದ.

ಅವಳು ಅವನನ್ನೂ ನೋಡಿದಳು, ನನ್ನನ್ನೂ ನೋಡಿದಳು. "ಗೃಹಪ್ರವೇಶ ಹೆಂಗಾತು?" ಅಂದಳು.

ವಿಶ್ವವಿದ್ಯಾಲಯದ ಗುಣ ತಿಳಿಯಲು ಇಲ್ಲದ ವರನನ್ನು ಹುಟ್ಟಿಸಿದೆವು ಎಂದು ಯಾರಾದರೂ ನನ್ನ ಮುಂದೆ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ಮಗಳ ಮೇಲೆ ಸಿಟ್ಟೂ ಬಂತು. ಹೆತ್ತವ್ವನ ಮಾತಿಗಿಂತ ಬೇವೂರಿನ ಫೋನು ಹೆಚ್ಚಾಯಿತೇ? ಆದರೆ ಮಾತಿಗಿಂತ ಊರ ಬಾಯಿಯೇ ಹೆಚ್ಚು ಎಂದು ಅವಳಿಗೆ ತೋರಿಸಿಕೊಟ್ಟವಳು ನಾನೇ. ಆ ಸಿಟ್ಟನ್ನು ಎಲ್ಲಿ ಇಳಿಸಬೇಕೋ ತಿಳಿಯದೆ ಒಲೆಯ ಮುಂದೆ ಕೂತು ಅತ್ತೆ.

ದೂರದ್ದಕ್ಕೆ ಅವಳನ್ನು ಬಿಡಲು ನಾನೇ ಹೋದೆ. ದಾರಿಯುದ್ದಕ್ಕೂ ಬೇಕಾದಷ್ಟೇ ಮಾತಾಡಿದಳು. ಹಾಸ್ಟೆಲಿನ ಕೋಣೆಯಲ್ಲಿ ಸಾಮಾನಿಟ್ಟು, ಈಗ ಬಂದೆ ಎಂದು ಹೊರಗೆ ಹೋದಳು. ಕಿಟಕಿಯಿಂದ ನೋಡಿದರೆ ಗೇಟಿನಾಚೆಯ ಚಹಾದಂಗಡಿಯಲ್ಲಿ ನಿಂತು ಒಬ್ಬ ಹೆಂಗಸಿನ ಜೊತೆ ಮಾತಾಡುತ್ತಿದ್ದಳು. ಬಂದ ಮೇಲೆ ಏನು ಕೇಳಿದೆ ಅಂದೆ.

"ನೀರು ಚೊಲೊ ಅದಾವಂತ. ಊಟ ಅಷ್ಟಕ್ಕಷ್ಟs ಅಂತ. ನಮ್ಮ ತಂಗಿಗೆ ಸೀಟು ಸಿಕ್ಕೈತಿ, ಕಳಸೂಣೋ ಬ್ಯಾಡೋ ಅಂತ ಕೇಳಿದ್ನಿ. ಹಂಗಾರ ಖರೆ ಹೇಳ್ತಾರ," ಅಂದಳು.

ಅವಳಿಗೆ ತಂಗಿ ಇಲ್ಲ. ನಗು ಬಂತು, ಅದರ ಹಿಂದೆಯೇ ನಮ್ಮ ಸುಳ್ಳನ್ನು ಇವಳೂ ಕಲಿತಳಲ್ಲ ಎಂದು ಬೇಸರವಾಯಿತು. ಹಾಸಿಗೆಯ ಮೇಲೆ ಅವಳ ಹತ್ತಿರ ಕೂತು, ಮೊದಲ ದಿನವೇ ಕೇಳಬೇಕಿದ್ದ ಮಾತನ್ನು ಕೇಳಿದೆ. "ಮೂರರಾಗ ನಿನ್ನ ಮನಸಿನ್ಯಾಗ ಯಾವುದಿತ್ತು?"

"ಇದs," ಅಂದಳು ಮಗಳು. ತಡಮಾಡಲಿಲ್ಲ, ಕಣ್ಣು ತಗ್ಗಿಸಲಿಲ್ಲ.

ಖರೆ ಇರಬಹುದು. ನನಗೆ ನೋವಾಗದಿರಲಿ ಎಂದು ಹೇಳಿದ್ದೂ ಇರಬಹುದು. ಇದನ್ನು ಹೋಗಿ ವಿಚಾರಿಸಲು ಯಾವ ಚಹಾದಂಗಡಿಯೂ ಇಲ್ಲ.