ಚಹಾ ಕುಡಿದರೆ ರಾಜಿಯೇ?

ಮನೆಗೆ ಬಂದವರಿಗೆ ಚಹಾ ಕೊಡುವುದು ತಪ್ಪೇ? ನನ್ನ ತಮ್ಮನ ಹೆಂಡತಿ ಗಿರಿಜಾ ಕೊಟ್ಟಳು. ಅದೀಗ ವಕೀಲರ ಬಾಯಿಗೆ ಬಿದ್ದಿದೆ.

ತಮ್ಮ ಬಸವರಾಜ ಹೋದದ್ದು ನಿಮಗೆ ಗೊತ್ತು. (ಆಗ ಕೆಲವು ವಾರ ಈ ಅಂಕಣ ಬರೆಯಲಿಲ್ಲ.) ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲ ಇಳಿಸಲು ಯಾರ ಟ್ರ್ಯಾಕ್ಟರ್ ಮುಂದೆ ಎಂಬ ಮಾತಿಗೆ, ಗುತ್ತಲದವನೊಬ್ಬ ಜಾಕ್ ರಾಡಿನಿಂದ ಅವನ ತಲೆಗೆ ಹೊಡೆದ. ಕೊಲ್ಲುವ ಉದ್ದೇಶ ಇರಲಿಲ್ಲ ಎಂದು ಹಾವೇರಿ ಕೋರ್ಟ್ ಒಪ್ಪಿತು. ಕೊಲೆ ಎನ್ನಲಿಲ್ಲ, ಏಳು ವರ್ಷ ಕೊಟ್ಟಿತು. ನಾವು ಸುಮ್ಮನಾದೆವು. ಅವರು ಆಗಲಿಲ್ಲ. ಶಿಕ್ಷೆ ಅತಿಯಾಯಿತೆಂದು ಧಾರವಾಡದ ಹೈಕೋರ್ಟ್ ಪೀಠಕ್ಕೆ ಅಪೀಲು ಹಾಕಿದರು.

ಹಾಕಲಿ, ಕಾನೂನಿದೆ. ಆದರೆ ಹೊಡೆದವನ ಸೋದರಮಾವ ಇಬ್ಬರು ಹಿರಿಯರನ್ನು ಕಟ್ಟಿಕೊಂಡು ಬ್ಯಾಡಗಿಗೆ, ಗಿರಿಜಾಳ ಮನೆಗೇ ಬರಬೇಕೇ? ರಾಣೆಬೆನ್ನೂರಿನಿಂದ ಹೋಗಿ ನಾನೂ ಅಲ್ಲೇ ಇದ್ದೆ. ಬಸವರಾಜನ ಚಪ್ಪಲಿ ಇನ್ನೂ ಬಾಗಿಲ ಬಳಿ ಇವೆ. ಅವುಗಳ ಪಕ್ಕದಲ್ಲೇ ಅವರು ತಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದರು.

"ಒಂದ ಏಟವ್ವಾ ತಂಗಿ, ಸಿಟ್ಟಿನ್ಯಾಗ ಕೈ ತಪ್ಪೇತಿ. ಏಳು ವರ್ಷ ಭಾಳ ಆತು. ನಮ್ದೇನೂ ತಕರಾರಿಲ್ಲ ಅಂತ ಕೋರ್ಟಿಗೆ ಹೇಳವ್ವಾ," ಎಂದ ಸೋದರಮಾವ.

"ನಾ ಹೇಳಾಂಗಿಲ್ರಿ." ಅಷ್ಟು ಹೇಳಿ ಗಿರಿಜಾ ಒಳಗೆ ಹೋಗಿ ಚಹಾ ಇಟ್ಟಳು. ನಾನು ಹಿಂದೆಯೇ ಹೋದೆ.

"ಬಿಸಲಾಗ ಬಂದಾರಕ್ಕಾ," ಎಂದಳು.

ನಮ್ಮ ಕಡೆ ವೈರವಿದ್ದವರ ಮನೆಯಲ್ಲಿ ನೀರೂ ಮುಟ್ಟುವುದಿಲ್ಲ. ಮುಟ್ಟಿದರೆ ರಾಜಿಯಾಯಿತೆಂದೇ ಲೆಕ್ಕ. ಮೂವರೂ ಕಪ್ಪಿನಿಂದ ಬಸಿಗೆ ಸುರುವಿಕೊಂಡು ಆರಾಮಾಗಿ ಕುಡಿದರು. ಮರುದಿನವೇ ಊರೆಲ್ಲ ಸುದ್ದಿ: "ಚಹಾ ಕುಡಿಸ್ಯಾರ, ರಾಜಿ ಆಗೇತಿ." ಅವರ ವಕೀಲರು ಸರ್ಕಾರಿ ವಕೀಲರಿಗೂ ಅದನ್ನೇ ಹೇಳಿದರಂತೆ!

ನಾನು ಕೂಗಾಡಿದೆ. ಗಿರಿಜಾ ಕೂಗಲಿಲ್ಲ. ಸೀರೆ ಬದಲಿಸಿ, ನನ್ನನ್ನೂ ಕರೆದುಕೊಂಡು ಗುತ್ತಲದ ಬಸ್ ಹತ್ತಿದಳು.

ಅವರ ಅಂಗಳದಲ್ಲಿ ಓಣಿಯವರೆಲ್ಲ ಸೇರಿದರು. ಹೊಡೆದವನ ತಾಯಿ ಚರಗಿಯಲ್ಲಿ ನೀರು ತಂದು ಮುಂದಿಟ್ಟಳು. (ಅವಳ ಮೇಲೆ ನನಗೆ ಸಿಟ್ಟಿಲ್ಲ.)

"ನಿಮ್ಮನಿ ನೀರು ನನಗ ಬ್ಯಾಡ್ರಿ ಯವ್ವಾ," ಗಿರಿಜಾ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಮನಿಗೆ ಬಂದಾರಂತ ಚಹಾ ಕೊಟ್ಟೇನಿ. ರಾಜಿ ಆಗಿಲ್ಲ."

ಬೇಸಿಗೆ. ಅವಳ ತುಟಿ ಒಣಗಿದ್ದವು. ಚರಗಿಯತ್ತ ನೋಡಲೂ ಇಲ್ಲ.

ಸೋದರಮಾವ ಎದ್ದು ನಿಂತ. "ಒಂದ ಚರಗಿ ನೀರಿಗೆ ಇಷ್ಟು ಹಠ ಏನವ್ವಾ? ಇದು ಅತಿ ಆತು."

ಏಳು ವರ್ಷ ಅತಿ. ಕುಡಿಯದೆ ಬಿಟ್ಟ ನೀರೂ ಅತಿ. ತಲೆಗೆ ಬಿದ್ದ ಆ ರಾಡು ಅತಿಯಾಯಿತೆಂದು ಅವರಲ್ಲಿ ಒಬ್ಬರಾದರೂ ಯಾಕೆ ಅನ್ನಲಿಲ್ಲ?