ಅಂಬ್ರಪ್ಪನ ಬಾಣಂತನ

ಕೆಂಭಾವಿಯ ಅಂಬ್ರಪ್ಪ ಕಾಲುವೆಯ ಲಸ್ಕರ್. ನಾರಾಯಣಪುರದ ನೀರು ನಮ್ಮ ಕಡೆ ಹರಿಯತೊಡಗಿ ಹತ್ತು ವರ್ಷವಾಗಿತ್ತು. ಆ ಹತ್ತೂ ವರ್ಷ ಅವನು ಒಂದೇ ಉಪಕಾಲುವೆಯ ಏರಿಯ ಮೇಲೆ ನಡೆದಿದ್ದ. ಒಂಬತ್ತು ಕಿಲೋಮೀಟರು, ಹನ್ನೊಂದು ತೂಬು. ತೂಬಿನ ಬಾಗಿಲು ಏರಿಸಿ ಇಳಿಸುವ ಕಬ್ಬಿಣದ ಚಾವಿ ಸದಾ ಅವನ ಹೆಗಲ ಮೇಲಿರುತ್ತಿತ್ತು.

ಆ ವರ್ಷ ಫೆಬ್ರುವರಿಯಲ್ಲಿ ನಾರಾಯಣಪುರದಲ್ಲಿ ಸಿಬ್ಬಂದಿಯ ಕ್ರೀಡಾಕೂಟ ನಡೆಯಿತು. ಎಂಟು ಕಿಲೋಮೀಟರು ಓಟಕ್ಕೆ ಪ್ರತಿ ವಿಭಾಗದಿಂದ ಒಬ್ಬ ಬೇಕಿತ್ತು. ಸೆಕ್ಷನ್ ಆಫೀಸರು ಅಂಬ್ರಪ್ಪನ ಹೆಸರು ಬರೆದರು. ದಿನಾ ಒಂಬತ್ತು ನಡೆಯುವವನಿಗೆ ಎಂಟು ಓಡುವುದು ಒಂದು ಕಿಲೋಮೀಟರು ಕಡಿಮೆ ಕೆಲಸ ಎಂಬುದು ಅವರ ವಿಚಾರ. ಅಂಬ್ರಪ್ಪನಿಗೂ ಅದು ಸರಿಯೆನಿಸಿತು. ಅವನಿಗೆ ಆಗ ನಲವತ್ಮೂರು ವರ್ಷ. ಹಿಂದೆ ಯಾವಾಗ ಓಡಿದ್ದೆ ಎಂದು ಆಮೇಲೆ ನಾನು ಕೇಳಿದಾಗ, ಎಮ್ಮೆ ಹಗ್ಗ ಹರಿದುಕೊಂಡು ಹೋದಾಗ ಎಂದ.

ಒಂಬತ್ತು ಜನರಲ್ಲಿ ಆರನೆಯವನಾಗಿ ಮುಟ್ಟಿದ. ಮುಟ್ಟಿದವನು ಒಂದು ಹೆಜ್ಜೆಯನ್ನೂ ನಡೆಯದೆ ಬೇವಿನ ಮರದ ಕೆಳಗೆ ಕೂತ. ಅಲ್ಲಿಂದ ಎತ್ತಿ ಟ್ರಕ್ಕಿಗೆ ಹಾಕಿದರು. ಅಲ್ಲಿ ಎರಡು ತಾಸು ಕೂತ. ಕೆಂಭಾವಿಯಲ್ಲಿ ಅವನನ್ನು ಇಳಿಸಲು ಮೂವರು ಬೇಕಾದರು.

ಅದು ಭಾನುವಾರ. ಬುಧವಾರ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಕಾಲುವೆಯ ಕೊನೆಯ ಹೊಲಗಳಿಗೆ ನೀರಿನ ಪಾಳಿ. ಹತ್ತು ದಿನಕ್ಕೊಮ್ಮೆ ಆರು ತಾಸು, ಅಷ್ಟೇ. ನೀರು ಕೊನೆ ಮುಟ್ಟಬೇಕಾದರೆ ಮೇಲಿನ ಹತ್ತು ತೂಬುಗಳನ್ನು ಮುಚ್ಚಬೇಕು. ಅಂಬ್ರಪ್ಪ ಏಳದಿದ್ದರೆ ಚಾವಿ ಹಂಗಾಮಿ ಲಸ್ಕರ್ ಲಿಂಗಣ್ಣನ ಕೈಗೆ ಹೋಗುತ್ತಿತ್ತು. ಲಿಂಗಣ್ಣನ ಭತ್ತದ ಗದ್ದೆ ಇದ್ದದ್ದು ಎರಡನೆಯ ತೂಬಿನ ಕೆಳಗೆ. ಹಿಂದೊಮ್ಮೆ ಚಾವಿ ಅವನ ಕೈಗೆ ಬಂದಾಗ ನೀರು ನಾಲ್ಕನೆಯ ತೂಬನ್ನು ದಾಟಿರಲಿಲ್ಲ. ಈ ಸಲ ಕೊನೆಯಲ್ಲಿ ಮೌಲಾಲಿಯ ಎರಡು ಎಕರೆ ಶೇಂಗಾ ಹೂ ಬಿಟ್ಟು ನಿಂತಿತ್ತು.

ಅಂಬ್ರಪ್ಪನ ತಾಯಿ ಗೊಲ್ಲಾಳಮ್ಮ ಸೂಲಗಿತ್ತಿ. ಅರ್ಧ ಊರನ್ನು ಅವಳೇ ಭೂಮಿಗೆ ಇಳಿಸಿದ್ದಳು. ಸೋತ ಮೈಯನ್ನು ಮತ್ತೆ ಸರಿಮಾಡುವ ಒಂದೇ ವಿದ್ಯೆ ಅವಳಿಗೆ ಗೊತ್ತಿತ್ತು, ಅದನ್ನೇ ಮಾಡಿದಳು. ಮಗನ ತಲೆಗೆ ಬಟ್ಟೆ ಕಟ್ಟಿದಳು. ಹೊಟ್ಟೆಗೆ ಹಳೆಯ ಸೀರೆ ಬಿಗಿದಳು. ಎರಡು ಹೊತ್ತು ಎಣ್ಣೆ ತಿಕ್ಕಿ ಕುದಿಯುವಂಥ ನೀರು ಹಾಕಿದಳು. ಹೊರಸಿನ ಕೆಳಗೆ ಕೆಂಡ ಇಟ್ಟು ಅಜವಾನ ಉದುರಿಸಿದಳು. ತಿನ್ನಲು ಅಂಟಿನ ಉಂಡಿ. ಕುಡಿಯುವ ನೀರು ದಿನಕ್ಕೆ ಎರಡು ಲೋಟ, ಅದೂ ಕಾಯಿಸಿದ್ದು. ಐದನೆಯ ದಿನದ ಪೂಜೆ ಆಗುವವರೆಗೆ ಹೊಸಿಲು ದಾಟುವಂತಿಲ್ಲ. ಐದನೆಯ ದಿನವೆಂದರೆ ಗುರುವಾರ.

ಸೋಮವಾರ ಮೌಲಾಲಿ ನೋಡಲು ಬಂದ. ಹೊಗೆ, ಕೆಂಡ, ತಲೆಯ ಬಟ್ಟೆ ಎಲ್ಲವನ್ನೂ ಬಾಗಿಲಲ್ಲೇ ನಿಂತು ನೋಡಿದ.

"ಯವ್ವಾ, ಕೂಸು ಗಂಡೋ ಹೆಣ್ಣೋ?"

"ಕೂಸು ನಿನ್ನ ಹೊಲದಾಗ ಐತಿ," ಎಂದಳು ಗೊಲ್ಲಾಳಮ್ಮ. "ನೀರಿಲ್ದ ಅಳಾಕತ್ತೈತಿ. ಹೋಗಿ ನೋಡು."

ಮೌಲಾಲಿ ಮತ್ತೆ ನಗಲಿಲ್ಲ. ಬುಧವಾರ ಹೆಂಗ ಎಂದು ಅಂಬ್ರಪ್ಪನನ್ನು ಕೇಳಿದ. ಅಂಬ್ರಪ್ಪ ಮೊಣಕಾಲು ಮಡಿಸಲು ನೋಡಿ, ಬಿಟ್ಟು, ಬರ್ತೀನಿ ಎಂದ. ಅವನ ಉಚ್ಚೆ ಅರಿಶಿನದ ನೀರಿನಂತಾಗಿತ್ತು. ಇದನ್ನು ನನಗೆ ಹೇಳಿದವಳು ಅವನ ಹೆಂಡತಿ ಬಸ್ಸಮ್ಮ. ನಾನು ಸುರಪುರದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾಗಿ ಅವರ ಓಣಿಯಲ್ಲೇ ಇದ್ದೆ. ಹೋಗಿ, ಇವನಿಗೆ ಬೇಕಾದದ್ದು ನೀರು, ಉಪ್ಪು ಮತ್ತು ನಿಧಾನವಾಗಿ ನಡೆದಾಡುವುದು, ಕೆಂಡವಲ್ಲ ಎಂದೆ.

ಗೊಲ್ಲಾಳಮ್ಮ ಎಣ್ಣೆಯ ಕೈ ಒರೆಸಿಕೊಂಡಳು. "ಅಕ್ಕೋರ, ನೀವು ಎಷ್ಟು ಹಡದೀರಿ?"

ಒಂದೂ ಇಲ್ಲ ಎಂದೆ.

"ಮತ್ತ?"

ನಾನು ಮನೆಗೆ ಬಂದೆ.

ಮಂಗಳವಾರ ಬೆಳಿಗ್ಗೆ ಪಕ್ಕದ ಊರಿನಿಂದ ಟ್ರ್ಯಾಕ್ಟರು ಬಂತು. ಚೊಚ್ಚಲ ಹೆರಿಗೆ, ಮಗು ಅಡ್ಡವಾಗಿದೆಯಂತೆ. ಗೊಲ್ಲಾಳಮ್ಮ ಸೊಸೆಗೆ ಕೆಂಡ ಆರಿಸಬಾರದೆಂದು ಹೇಳಿ ಹೊರಟಳು. ಟ್ರ್ಯಾಕ್ಟರು ಓಣಿ ತಿರುಗುವ ಮೊದಲೇ ಬಸ್ಸಮ್ಮ ಕೆಂಡ ಅಂಗಳಕ್ಕೆ ಸುರಿದು ಹೊಟ್ಟೆಯ ಸೀರೆ ಬಿಚ್ಚಿದಳು. ಅಂಬ್ರಪ್ಪ ಒಂದು ಚರಿಗೆ ಉಪ್ಪು ಹಾಕಿದ ಮಜ್ಜಿಗೆ ಕುಡಿದು ಇನ್ನೊಂದು ಕೇಳಿದ. ಆಮೇಲೆ ಅವಳು ಅವನನ್ನು ಓಣಿಯ ಆ ತುದಿಯಿಂದ ಈ ತುದಿಗೆ ನಡೆಸಿದಳು. ಸಮನೆಲದಲ್ಲಿ ಅವನು ಹೇಗೋ ನಡೆಯಬಲ್ಲವನಾಗಿದ್ದ. ಇಳಿಯಲು ಬರುತ್ತಿರಲಿಲ್ಲ. ಕಟ್ಟೆಯಿಂದ ಇಳಿಯಬೇಕಾದರೆ ಬೆನ್ನು ತಿರುಗಿಸಿ, ಏಣಿ ಇಳಿಯುವಂತೆ ಹಿಂದುಹಿಂದಕ್ಕೆ ಕಾಲಿಡುತ್ತಿದ್ದ. ಮಕ್ಕಳು ನೋಡಿ ಕಲಿತುಕೊಂಡವು.

ಬುಧವಾರ ಐದಕ್ಕೆ ಇಬ್ಬರೂ ಹೊರಟರು. ತೂಬಿನ ಚಾವಿ ತಿರುಗಿಸಲು ಕುಕ್ಕರಗಾಲಲ್ಲಿ ಕೂರಬೇಕು. ಅದು ಅವನಿಂದ ಆಗುವಂತಿರಲಿಲ್ಲ. ಬಸ್ಸಮ್ಮ ಹತ್ತು ವರ್ಷ ಅವನಿಗೆ ಬುತ್ತಿ ಒಯ್ದವಳು, ಹನ್ನೊಂದು ತೂಬುಗಳಲ್ಲಿ ಯಾವುದು ಎಷ್ಟು ಬಿಗಿ ಎಂದು ಅವಳಿಗೆ ಗೊತ್ತಿತ್ತು.

ಎರಡನೆಯ ತೂಬಿನ ಕಟ್ಟೆಯ ಮೇಲೆ ಲಿಂಗಣ್ಣ ಕೂತಿದ್ದ.

"ಅಣ್ಣಾ, ಯಾಕ ಬಂದಿ? ಚಾವಿ ಕೊಡು, ನಾ ಹೋಗ್ತೀನಿ. ನೀ ಆರಾಮ ತಗೋ."

"ಏಳು. ತೂಬು ಮುಚ್ಚಬೇಕು."

"ಕುಂತು ತಿರುವಾಕ ಬರತೈತೇನ ನಿನಗ?"

"ಇಲ್ಲ," ಎಂದ ಅಂಬ್ರಪ್ಪ. "ಅದಕ್ಕ ಆಕಿ ಬಂದಾಳ."

ಲಿಂಗಣ್ಣ ಹೆಂಗಸಿನ ಕೈಯಲ್ಲಿ ಸರ್ಕಾರದ ಚಾವಿ ಕೊಡುವುದು ಯಾವ ಕಾನೂನು ಎಂದು ಕೇಳಿದ. ಬಸ್ಸಮ್ಮ ಅಷ್ಟರಲ್ಲಿ ಬಾಗಿಲು ಇಳಿಸಿಯಾಗಿತ್ತು.

ಎಂಟಕ್ಕೆ ಮುಗಿಯಬೇಕಾದ ಕೆಲಸ ಹನ್ನೆರಡಕ್ಕೆ ಮುಗಿಯಿತು. ಕೊನೆಯ ತೂಬಿಗೆ ಏರಿಯಿಂದ ನಾಲ್ಕು ಮೆಟ್ಟಿಲು ಇಳಿಯಬೇಕು. ಅಂಬ್ರಪ್ಪ ಬೆನ್ನು ತಿರುಗಿಸಿ ಇಳಿದು, ಅದೊಂದನ್ನು ನಿಂತೇ, ಸೊಂಟ ಬಗ್ಗಿಸಿ, ತಾನೇ ತೆರೆದ. ಮೌಲಾಲಿ ಸನಿಕೆ ಹಿಡಿದು ಎಂಟರಿಂದ ಕಾಯುತ್ತಿದ್ದ. ನೀರು ಬಂದೊಡನೆ ಮೊದಲ ಮಡಿಗೆ ತಿರುಗಿಸಿದ. ಎರಡಕ್ಕೆ ನೀರು ನಿಂತರೆ ಅರ್ಧಕ್ಕೂ ಹೆಚ್ಚು ಹೊಲ ಒಣಗಿರುತ್ತದೆ ಎಂಬುದು ಮೂವರಿಗೂ ಗೊತ್ತಿತ್ತು.

ಎರಡಾಯಿತು. ಅಂಬ್ರಪ್ಪ ಏಳಲಿಲ್ಲ. ಚಾವಿ ತೊಡೆಯ ಮೇಲಿಟ್ಟುಕೊಂಡು ಕಾಲು ಚಾಚಿ ಕೂತಿದ್ದ. ನಡೆಯಲಾಗದ್ದು ತನ್ನ ತಪ್ಪು, ಶೇಂಗಾದ್ದಲ್ಲ ಎಂದು ಹೆಂಡತಿಗೆ ಹೇಳಿದನಂತೆ. ಆರಕ್ಕೆ ಎದ್ದು ಮೇಲಿನ ತೂಬುಗಳನ್ನು ಬಿಡಿಸುತ್ತ ಹೊರಟ.

ಗುರುವಾರ ನೋವು ಅರ್ಧ ಇಳಿದಿತ್ತು. ಹೊಸದಾಗಿ ಓಡಿದವರ ಸ್ನಾಯುಗಳಿಗೆ ಎರಡನೆಯ, ಮೂರನೆಯ ದಿನವೇ ಕಠಿಣ. ಆಮೇಲೆ ತಾನಾಗಿ ಇಳಿಯುತ್ತದೆ. ಹೆರಿಗೆ ಮುಗಿಸಿ ಬಂದ ಗೊಲ್ಲಾಳಮ್ಮ ಅದು ತನ್ನ ಎಣ್ಣೆಯ ಗುಣವೆಂದಳು.

ಮೇಲಿನ ಹೊಲದವರು ದೂರು ಕೊಟ್ಟರು. ತೂಬುಗಳನ್ನು ನಾಲ್ಕು ತಾಸು ಹೆಚ್ಚು ಮುಚ್ಚಿಟ್ಟದ್ದೇಕೆ, ಕೆಲಸದಿಂದ ಯಾಕೆ ತೆಗೆಯಬಾರದು ಎಂದು ಅಂಬ್ರಪ್ಪನಿಗೆ ನೋಟೀಸು ಬಂತು. ಉತ್ತರ ಬರೆದುಕೊಡಲು ನನ್ನ ಬಳಿ ಬಂದ. ಜ್ವರವಿತ್ತೆಂದು ಬರೆಯಬಹುದು ಎಂದೆ. ಜ್ವರ ಇರಲಿಲ್ಲ ಎಂದ. ಅವನು ಹೇಳಿದ್ದನ್ನೇ ಬರೆದೆ: ತಾವು ಹೆಸರು ಬರೆದಂತೆ ಭಾನುವಾರ ಓಡಿದ್ದರಿಂದ ಬುಧವಾರ ನಡೆಯಲಾಗಲಿಲ್ಲ, ನಾನು ತಡಮಾಡಿದ ನಾಲ್ಕು ತಾಸನ್ನು ಕೊನೆಯ ಹೊಲಕ್ಕೆ ಕೊಟ್ಟಿದ್ದೇನೆ, ಇನ್ನು ತಮ್ಮ ಚಿತ್ತ.

ಸೆಕ್ಷನ್ ಆಫೀಸರು ಅದನ್ನು ಎರಡು ಸಲ ಓದಿ ಮಡಿಚಿ ಫೈಲಿಗೆ ಹಾಕಿದರಂತೆ. ಮುಂದಿನ ಪಾಳಿಗೂ ಮೌಲಾಲಿಯ ಹೊಲಕ್ಕೆ ಚಾವಿ ಹೊತ್ತು ಹೋದವನು ಅಂಬ್ರಪ್ಪನೇ. ಅಂದು ಎಂಟಕ್ಕೆ ಹತ್ತು ನಿಮಿಷ ಮೊದಲೇ ನೀರು ಕೊನೆ ಮುಟ್ಟಿತ್ತು.